ಮೂವತ್ತೊಂದನೇ ಪುಟದ ಪಶ್ಚಿಮ

ಪೂರ್ವವನ್ನು ಪಶ್ಚಿಮ ಮಾಡಿದವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಒಬ್ಬರೋ ಹತ್ತು ಮಂದಿಯೋ, ಯಾವ ಊರಿನ ಎಷ್ಟನೇ ಮಹಡಿಯಲ್ಲಿ ಕೂತು ಆ ಒಂದು ಸಾಲಿನ ಸೂತ್ರ ಬರೆದರೋ ತಿಳಿಯದು. ಕೇಳಿದಾಗಲೆಲ್ಲ ಸಿಕ್ಕ ಉತ್ತರ ಒಂದೇ: "ಅದು ವ್ಯವಸ್ಥೆಯಲ್ಲೇ ಇದೆ, ಮೇಡಂ." ವ್ಯವಸ್ಥೆಯಲ್ಲೇ ಇದೆ ಎಂದರೆ ಯಾರೂ ಬರೆದಿಲ್ಲ, ಯಾರೂ ನೋಡಿಲ್ಲ, ಯಾರನ್ನೂ ಬೈಯುವಂತಿಲ್ಲ ಎಂದರ್ಥ.

ನನ್ನ ಹೆಸರು ಅಮರಮ್ಮ. ಹಿರೇಕಣಿವೆ ಚಿನ್ನದ ಗಣಿಯ ಸರ್ವೆ ಆಫೀಸಿನಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದ್ದೇನೆ. ಬಿ.ಎಸ್ಸಿ. ಆದ ಮೇಲೆ ಗಣಿ ಸರ್ವೆಯ ಪರೀಕ್ಷೆ ಬರೆದು ಲೈಸೆನ್ಸ್ ಪಡೆದೆ. ಉಳಿದ ಸರ್ವೆಯರುಗಳನ್ನೆಲ್ಲ ಕಂಪನಿ ಮನೆಗೆ ಕಳಿಸಿದ ಮೇಲೆ, ನಿಯಮಕ್ಕೆ ಒಬ್ಬರಾದರೂ ಬೇಕೆಂದು ಉಳಿಸಿಕೊಂಡದ್ದು ನನ್ನನ್ನು.

ನೆಲದ ಕೆಳಗೆ ಸೂರ್ಯ ಕಾಣುವುದಿಲ್ಲ, ಉಪಗ್ರಹದ ಸಂಕೇತ ತಲುಪುವುದಿಲ್ಲ. ಅಲ್ಲಿ ನೀವು ಎಲ್ಲಿದ್ದೀರಿ ಎಂದು ತಿಳಿಯಲು ಎರಡೇ ಆಧಾರ: ಯಾವ ದಿಕ್ಕಿಗೆ ಹೊರಟಿರಿ, ಎಷ್ಟು ದೂರ ಹೋದಿರಿ. ಹಳೆಯ ಸರ್ವೆಯರುಗಳು ದಿಕ್ಕನ್ನು ಬೇರಿಂಗ್ ಎಂದು ಬರೆಯುತ್ತಿದ್ದರು. 'ದಕ್ಷಿಣ 40 ಪಶ್ಚಿಮ' ಎಂದರೆ ದಕ್ಷಿಣಕ್ಕೆ ಮುಖ ಮಾಡಿ ನಿಂತು ಪಶ್ಚಿಮದ ಕಡೆಗೆ ನಲವತ್ತು ಡಿಗ್ರಿ ತಿರುಗುವುದು. ಯಂತ್ರಗಳಿಗೆ ಈ ನಾಲ್ಕು ಕಾಲುಭಾಗಗಳ ಲೆಕ್ಕ ಒಗ್ಗುವುದಿಲ್ಲ. ಅವಕ್ಕೆ ಉತ್ತರದಿಂದ ಶುರುವಾಗಿ ಗಡಿಯಾರದ ಮುಳ್ಳಿನಂತೆ ಸೊನ್ನೆಯಿಂದ ಮುನ್ನೂರ ಅರವತ್ತರವರೆಗೆ ಒಂದೇ ಎಣಿಕೆ ಬೇಕು. ಅದು ದಿಗಂಶ. ದಕ್ಷಿಣ 40 ಪಶ್ಚಿಮ ಆದರೆ ನೂರೆಂಬತ್ತಕ್ಕೆ ನಲವತ್ತು ಕೂಡಿ, ಇನ್ನೂರ ಇಪ್ಪತ್ತು. ದಕ್ಷಿಣ 40 ಪೂರ್ವ ಆದರೆ ನೂರೆಂಬತ್ತರಲ್ಲಿ ನಲವತ್ತು ಕಳೆದು, ನೂರ ನಲವತ್ತು. ಡಿಪ್ಲೊಮಾದ ಮಕ್ಕಳು ಮೊದಲ ವಾರ ಕಲಿಯುವ ಪಾಠ ಇದು.

ಎಂಟು ತಿಂಗಳ ಹಿಂದೆ ನಮ್ಮ ಗಣಿಗೆ ದಿಕ್ಸಾರಥಿ ಎಂಬ ಗಣಕ ವ್ಯವಸ್ಥೆ ಬಂತು. ಇನ್ನು ಮೇಲೆ ಸುರಂಗ ಕೊರೆಯುವ ಯಂತ್ರಕ್ಕೆ ಮನುಷ್ಯರು ದಾರಿ ತೋರಿಸುವಂತಿಲ್ಲ. ಎಲ್ಲ ಯಂತ್ರಗಳೂ ದಿಕ್ಸಾರಥಿ ಕೊಟ್ಟ ದಿಗಂಶದ ಮೇಲೆ ಹೋಗುತ್ತವೆ, ನಿಲ್ಲುತ್ತವೆ. ಹಳೆಯ ಸುರಂಗಗಳಲ್ಲಿ ದಶಕಗಳಿಂದ ನೀರು ತುಂಬಿದೆ. ಹೊಸ ಸುರಂಗ ಅವುಗಳಿಂದ ದೂರ ಇರಬೇಕು. ಅದಕ್ಕೆಂದು ನಮ್ಮ ಹಳೆಯ ಅಳತೆ ಪುಸ್ತಕಗಳನ್ನೆಲ್ಲ ಯಂತ್ರಕ್ಕೆ ಓದಿಸಿ, ಬೇರಿಂಗುಗಳನ್ನು ದಿಗಂಶ ಮಾಡಿದರು.

ಅಲ್ಲೇ ತಪ್ಪಾಯಿತು. ಹಳೆಯ ಹಿತ್ತಾಳೆ ಕಂಪಾಸಿನ ಮುಖದ ಮೇಲೆ ಪೂರ್ವ ಪಶ್ಚಿಮಗಳು ಅದಲುಬದಲಾಗಿರುತ್ತವೆ. ಬಲಗಡೆ ಇರಬೇಕಾದ ಪೂರ್ವವನ್ನು ಎಡಗಡೆ ಕೊರೆದಿರುತ್ತಾರೆ. ಅದು ಕುಶಲ ಕೆಲಸಗಾರನ ಜಾಣತನ. ಕಂಪಾಸು ಹಿಡಿದು ನೀವು ಬಲಕ್ಕೆ, ಪೂರ್ವಕ್ಕೆ ತಿರುಗಿದರೆ ಮುಳ್ಳು ಮಾತ್ರ ನಿಮ್ಮೊಡನೆ ತಿರುಗುವುದಿಲ್ಲ. ಅದು ಉತ್ತರವನ್ನೇ ನೋಡುತ್ತಿರುತ್ತದೆ. ಹಾಗಾಗಿ ಕಂಪಾಸಿನ ಮುಖದ ಮೇಲೆ ಅದು ಎಡಕ್ಕೆ ಸರಿದಂತೆ ಕಾಣುತ್ತದೆ. ಆ ಎಡಗಡೆಯಲ್ಲೇ ಪೂರ್ವ ಎಂದು ಕೊರೆದಿದ್ದರೆ, ಕಂಡದ್ದನ್ನು ಕಂಡಂತೆಯೇ ಬರೆದುಕೊಳ್ಳಬಹುದು. ಪುಸ್ತಕಕ್ಕೆ ಬಂದ ಓದು ಸರಿಯಾದ ಓದೇ.

ದಿಕ್ಸಾರಥಿಯವರು ನಮ್ಮ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿದ್ದ ಆ ಕಂಪಾಸಿನ ಫೋಟೋ ಹೊಡೆದುಕೊಂಡು ಹೋದರು. ಹಳೆಯವರ ಉಪಕರಣವೇ ತಿರುಗುಮುರುಗು, ಆದ್ದರಿಂದ ಅವರು ಬರೆದದ್ದೂ ತಿರುಗುಮುರುಗು ಎಂದುಕೊಂಡರು. ಆ ಪುಸ್ತಕಗಳ ಪ್ರತಿ ಪೂರ್ವವನ್ನೂ ಪಶ್ಚಿಮ ಮಾಡಿ, ಪ್ರತಿ ಪಶ್ಚಿಮವನ್ನೂ ಪೂರ್ವ ಮಾಡಿ, ಆಮೇಲೆ ದಿಗಂಶ ತೆಗೆದರು. ಕಂಪಾಸಿನ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಮ್ಮ ಸೀಮೆಯಲ್ಲಿ ಇರುವ ಸುಮಾರು ಒಂದು ಡಿಗ್ರಿ ವ್ಯತ್ಯಾಸವನ್ನು ಮಾತ್ರ ದಶಾಂಶದ ಮೂರು ಸ್ಥಾನದವರೆಗೆ ಲೆಕ್ಕ ಹಾಕಿ ಸೇರಿಸಿದ್ದರು. (ಆ ಚಿಲ್ಲರೆಯನ್ನು ನಾನು ಇಲ್ಲಿ ಬಿಟ್ಟಿದ್ದೇನೆ.) ಒಂದು ಡಿಗ್ರಿಗೆ ಅಷ್ಟು ಎಚ್ಚರ ವಹಿಸಿದವರು ಎಂಬತ್ತು ಡಿಗ್ರಿ ತಪ್ಪಿದ್ದರು.

ಅವರ ತಾಳೆಯಲ್ಲೂ ಅದು ಸಿಕ್ಕಿಬೀಳಲಿಲ್ಲ. ಸುತ್ತಿ ಬಂದು ಹೊರಟ ಜಾಗಕ್ಕೇ ಸೇರುವ ದಾರಿಯನ್ನು ಕನ್ನಡಿಯಲ್ಲಿ ನೋಡಿದರೂ ಅದು ಹೊರಟ ಜಾಗಕ್ಕೇ ಸೇರುತ್ತದೆ. ಪರದೆ ತುಂಬ ಹಸಿರು ಬಣ್ಣ.

ನಾನು ಅವರಿಗೆ ಮೂರು ಪತ್ರ ಬರೆದೆ. ಚಿತ್ರ ಬಿಡಿಸಿ, ಲೆಕ್ಕ ಹಾಕಿ, ಒಂದೂ ಒರಟು ಮಾತಿಲ್ಲದಂತೆ ಮೂರು ಸಲ ಓದಿ ತಿದ್ದಿ ಬರೆದೆ. ಮೊದಲೆರಡಕ್ಕೆ ಉತ್ತರ ಬರಲಿಲ್ಲ. ಮೂರನೆಯದಕ್ಕೆ ಬಂತು: 'ನಿಮ್ಮ ಸಲಹೆಗೆ ಧನ್ಯವಾದ. ಪ್ರಕರಣ ಮುಕ್ತಾಯ.' ಅದನ್ನು ಓದಿದ ಮೇಲೆ ನಾಲ್ಕನೆಯದನ್ನು ನಾನು ಬರೆಯಲಿಲ್ಲ. ಅದಕ್ಕೆ ನನ್ನನ್ನೂ ನಾನು ಕ್ಷಮಿಸಿಲ್ಲ.

*

ಅವತ್ತು ಬುಧವಾರ. ನನ್ನ ತಂಗಿ ಹುಲಿಗೆಮ್ಮನಿಗೆ ಬೆಳಗಿನ ಪಾಳಿ. ಸುರಂಗ ಕೊರೆಯುವ ಯಂತ್ರದ ಪಕ್ಕ ಕೂರುವುದು ಅವಳ ಕೆಲಸ.

"ಅಕ್ಕ, ಬುತ್ತಿ ಕಟ್ಟಿಯೇನು, ಇಲ್ಲಾ ಬರೇ ಬುದ್ಧಿವಾದ ಕಟ್ಟಿಯೋ?" ಎನ್ನುತ್ತ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತಿದ್ದಳು.

"ಎರಡೂ ಕಟ್ಟೀನಿ. ಇವತ್ತು ಯಾ ಕಡೆ ಕೊರೀತೀರಿ?"

"ನನ್ನ ಕೇಳ್ತಿಯಲ್ಲ! ಅದು ಹೇಳಿದ ಕಡೆ. ನಾ ಕುಂತು ಕೆಂಪು ಲೈಟ್ ಹತ್ತೈತೇನು ಅಂತ ನೋಡೋದಷ್ಟ."

"ಮೂರನೇ ಶಾಫ್ಟಿನ ಬಾಜೂ ಏನು?"

"ಹ್ಞೂಂ. ಅಲ್ಲಿ ಗಟ್ಟಿ ಕಲ್ಲು ಅಂತ ಪರದೆ ಮ್ಯಾಲ ತೋರಸ್ತೈತಿ."

ಮೂರನೇ ಶಾಫ್ಟ್ ಎಂದರೆ ಗಣಿಗೆ ಇಳಿಯಲು ತೋಡಿದ, ಈಗ ಮುಚ್ಚಿಹೋದ ಹಳೆಯ ಬಾವಿ. ಅದರ ನೈರುತ್ಯಕ್ಕೆ ಗಟ್ಟಿ ಕಲ್ಲಿದೆ ಎಂದು ಪರದೆ ತೋರಿಸುತ್ತಿತ್ತು. ನನ್ನ ಪುಸ್ತಕದ ಪ್ರಕಾರ ಅಲ್ಲಿ ಇದ್ದದ್ದು ನೀರು.

"ಕಲ್ಲು ಒದ್ದಿ ಕಂಡ್ರ ನಿಂತು ನೋಡಬ್ಯಾಡ. ಕೆಂಪು ಲೈಟಿನ ದಾರಿ ಕಾಯಬ್ಯಾಡ. ಓಡು."

"ಮುಂಜಾನೆ ಎದ್ದು ಏನು ಮಾತಾಡ್ತೀಯೇ!" ಅವ್ವ ಒಲೆಯ ಮುಂದಿನಿಂದ ಗದರಿದಳು.

"ಬಿಡಬೇ ಯವ್ವಾ. ಅಕ್ಕಗ ಹಲ್ಲು ತಿಕ್ಕೋದಕ್ಕಿಂತ ಮೊದಲು ಚಿಂತಿ ಮಾಡೋ ರೂಢಿ," ಎಂದು ಹುಲಿಗೆಮ್ಮ ನಕ್ಕು, ರೊಟ್ಟಿಯ ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೋದಳು.

ಎಂಟು ಐವತ್ತಕ್ಕೆ ನಿಯಂತ್ರಣ ಕೋಣೆಯ ಪರದೆಯಲ್ಲಿ ಅವರ ಯಂತ್ರದ ಚುಕ್ಕೆ ಮಾಯವಾಯಿತು. ಪರದೆಯಲ್ಲಿ ಆಗಲೂ ಗಟ್ಟಿ ಕಲ್ಲೇ ಇತ್ತು. ಹತ್ತು ನಿಮಿಷದಲ್ಲಿ ನಾಲ್ವರು ಕೇಜ್ ಎಂಬ ಗಣಿಯ ಲಿಫ್ಟಿನಲ್ಲಿ ಮೇಲೆ ಬಂದರು. ಎದೆಯವರೆಗೆ ಒದ್ದೆಯಾಗಿದ್ದರು. ಅವರಲ್ಲಿ ಒಬ್ಬ ಹೇಳಿದ, ಕಲ್ಲು ಒಡೆದು ಕೆರೆಯೇ ಒಳಗೆ ಬಂತು ಎಂದು. ಹುಲಿಗೆಮ್ಮ, ಸಾಬಮ್ಮ, ಯಮನೂರಪ್ಪ ಮುಂದಿನ ತುದಿಯಲ್ಲಿದ್ದರು. ಅವರು ಬರಲಿಲ್ಲ.

ನಾನು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದೆ. ಸರ್ವೆ ಮ್ಯಾನೇಜರ್ ಕಟ್ಟಿ ಸರ್ ಎಲ್ಲರಿಗೂ ಫೋನ್ ಮಾಡುತ್ತಿದ್ದರು. ನನ್ನ ಕಡೆಗೆ ಮಾತ್ರ ನೋಡಲಿಲ್ಲ.

ಒಂಬತ್ತು ಮುಕ್ಕಾಲಿಗೆ ಕಲ್ಲುಫೋನು ಕಿರುಗುಟ್ಟಿತು. ಬಂಡೆಯ ಮೂಲಕವೇ ಸಂದೇಶ ಕಳಿಸುವ ಸಾಧನ ಅದು. ಒಂದು ಅಕ್ಷರ ಬರಲು ಒಂದು ನಿಮಿಷಕ್ಕೂ ಹೆಚ್ಚು ಬೇಕು. ಇಪ್ಪತ್ತು ನಿಮಿಷ ಕಾದ ಮೇಲೆ ಪರದೆಯಲ್ಲಿ ಇಷ್ಟು ಬಂದಿತ್ತು:

'3 ಜನ ಹಳೇ ದಾರಿ ಮೊಳೆ 9 ಗಾಳಿ ಕಮ್ಮಿ.'

ನನ್ನ ತಂಗಿ ಬುದ್ಧಿವಂತೆ. ಹಳೆಯ ಸುರಂಗದ ನೀರೆಲ್ಲ ಹೊಸ ಸುರಂಗಕ್ಕೆ ಇಳಿದು ಹೊರಬರುವ ದಾರಿ ಮುಳುಗಿದಾಗ, ಖಾಲಿಯಾದ ಹಳೆಯ ಸುರಂಗದೊಳಕ್ಕೇ ಹತ್ತಿದ್ದಳು. ಅಲ್ಲಿ ತಲೆಯ ಮೇಲಿನ ಕಲ್ಲಿನಲ್ಲಿ ಹಿತ್ತಾಳೆ ಮೊಳೆ ಹುಡುಕಿದ್ದಳು. ಹಳೆಯ ಸರ್ವೆಯರುಗಳು ಅಳತೆ ಮಾಡಿದ ಪ್ರತಿ ಜಾಗದಲ್ಲೂ ನಂಬರಿನ ಬಿಲ್ಲೆ ಕಟ್ಟಿ ಅಂಥ ಮೊಳೆ ಹೊಡೆಯುತ್ತಿದ್ದರು. ಅಷ್ಟು ತಗ್ಗಿನಿಂದ ಅವಳು ತನ್ನ ವಿಳಾಸ ಕಳಿಸಿದ್ದಳು.

ನಾನು ಸರ್ವೆ ಆಫೀಸಿನ ಕಪಾಟಿನಿಂದ ಪುಸ್ತಕ ತೆಗೆದೆ. ಅರುಳಪ್ಪ ಎಂಬ ಸರ್ವೆಯರ್ 1931ರಲ್ಲಿ ಬರೆದದ್ದು. ಮೂವತ್ತೊಂದನೇ ಪುಟ. 'ಮೂರನೇ ಶಾಫ್ಟಿನಿಂದ 9ನೇ ಮೊಳೆ: ದಕ್ಷಿಣ 40 ಪಶ್ಚಿಮ, 591 ಅಡಿ.' ಒಂದೇ ನೇರದ, ಕೊನೆ ಮುಚ್ಚಿದ ಕುರುಡು ದಾರಿ. ಮೇಲಿನ ನೆಲದಿಂದ ಅರವತ್ತನಾಲ್ಕು ಮೀಟರ್ ಆಳ.

ಪರದೆಯ ಮೇಲೆ ದಿಕ್ಸಾರಥಿ ಆಗಲೇ ಉತ್ತರ ಕೊಟ್ಟಿತ್ತು: ಮೊಳೆ 9, ದಿಗಂಶ 140.

*

ರಕ್ಷಣೆಗೆ ಇದ್ದದ್ದು ಮೇಲಿನಿಂದ ರಂಧ್ರ ಕೊರೆಯುವ ಒಂದೇ ರಿಗ್, ಅದಕ್ಕೆ ಅಗಲದ ಕೊರೆಬಾಯಿ ಒಂದೇ. ಮನುಷ್ಯರನ್ನು ತೊಟ್ಟಿಲಿನಲ್ಲಿ ಎತ್ತುವಷ್ಟು ಅಗಲದ ರಂಧ್ರ ಕೊರೆಯಲು ಐದು ಗಂಟೆ ಬೇಕು. ಒಳಗಿನ ಗಾಳಿ ಸಂಜೆ ಆರರವರೆಗೆ ಬರಬಹುದೆಂದು ವೈದ್ಯರು ಹೇಳಿದ್ದರು. ಎರಡನೆಯ ರಂಧ್ರಕ್ಕೆ ಸಮಯ ಇರಲಿಲ್ಲ. 140ರಲ್ಲಿ ಕೊರೆದರೆ ನನ್ನ ತಂಗಿಯಿಂದ ಇನ್ನೂರ ಮೂವತ್ತು ಮೀಟರ್ ಆಚೆ, ಬಂಡೆಯಲ್ಲಿ ಒಂದು ಚೆಂದದ ರಂಧ್ರ ಆಗುತ್ತಿತ್ತು.

"ಸರ್, ಇದು ಉಲ್ಟಾ ಐತ್ರಿ. ಇನ್ನೂರ ಇಪ್ಪತ್ತು ಆಗಬೇಕು," ಎಂದೆ.

ಕಟ್ಟಿ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ಅಮರಮ್ಮ, ನನ್ನ ಕೈಯಾಗೇನೈತಿ? ದಿಕ್ಸಾರಥಿ ಕೇಂದ್ರದವರ ಕೂಡ ಮಾತಾಡ್ರಿ."

ಕೇಂದ್ರದಲ್ಲಿ ಸುಹಾಸ್ ಎಂಬ ಸಂಯೋಜಕ ಪರದೆಗೆ ಬಂದ. ಹಿಂದೆ ಹಸಿರು ಗಿಡಗಳ ಗೋಡೆ. "ಮೇಡಂ, ನಿಮ್ಮ ಫ್ಯಾಮಿಲಿ ಮೆಂಬರ್ ಒಳಗಿದಾರೆ ಅಂತ ಗೊತ್ತಾಯ್ತು. ಇಂಥ ಟೈಮಲ್ಲಿ ನೀವು ಡಿಸಿಷನ್ ತಗೊಳೋದು ಸರಿಹೋಗಲ್ಲ."

"ಡಿಸಿಷನ್ ನಂದಲ್ರಿ. ಅರುಳಪ್ಪ ಕಣ್ಣಿಲೆ ನೋಡಿ ಬರದದ್ದು."

"ಅವರ ಇನ್‌ಸ್ಟ್ರುಮೆಂಟ್ ರಿವರ್ಸ್ ಇತ್ತಲ್ವಾ?"

"ರಿವರ್ಸ್ ಇದ್ದದ್ದಕ್ಕ ಓದು ಸರಿ ಬಂದೈತಿ! ಎಂಟು ತಿಂಗಳಾತು, ಮೂರು ಪತ್ರ ಬರದೀನಿ. ಒಮ್ಮೆ ಆ ಕಂಪಾಸು ಕೈಯಾಗ ಹಿಡಕೊಂಡು ತಿರುಗಿ ನೋಡೀರೇನು ಯಾರಾದ್ರೂ?"

"ಫೋಟೋ ನೋಡಿದೀವಿ ಮೇಡಂ."

"ನೀರು ಎಲ್ಲಿಂದ ಬಂತು? ನಿಮ್ಮ ನಕ್ಷೆದಾಗ ಅಲ್ಲಿ ಗಟ್ಟಿ ಕಲ್ಲು ಐತಲ್ಲ?"

"ನಕ್ಷೆಯಲ್ಲಿಲ್ಲದ ಯಾವುದೋ ನೀರಿನ ಪಾಕೆಟ್ ಇರಬಹುದು."

"ಆ ಪಾಕೆಟಿನಾಗ ಒಂಬತ್ತನೇ ನಂಬರಿನ ಮೊಳಿ ಯಾರು ಹೊಡದ್ರು? ಮೀನೇನು?"

ಅವನು ಏನನ್ನೋ ಟೈಪ್ ಮಾಡಿದ. ಅವನ ಮುಖದಲ್ಲಿ ಕೆಟ್ಟತನ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಒಳ್ಳೆ ಪಾಯಿಂಟ್ ಮೇಡಂ. ರಿವ್ಯೂಗೆ ಹಾಕಿದೀನಿ. ಎಪ್ಪತ್ತೆರಡು ಗಂಟೇಲಿ ಉತ್ತರ ಬರತ್ತೆ."

"ಗಾಳಿ ಏಳು ತಾಸು ಐತಿ."

"ನನಗೆ ಅರ್ಥ ಆಗತ್ತೆ," ಎಂದ. ಪರದೆ ಕಪ್ಪಾಯಿತು.

ಹೊರಗೆ ಓಡಿದೆ. ರಿಗ್ ಮೂರನೇ ಶಾಫ್ಟಿನ ಹತ್ತಿರ ಉರುಳು ಪಟ್ಟಿಗಳ ಮೇಲೆ ತಾನೇ ಹೊರಟು ನಿಂತಿತ್ತು. ಅದರ ಪಕ್ಕ ರಿಗ್ಗಿನ ಮೇಸ್ತ್ರಿ ದೊಡ್ಡಬಸಪ್ಪ, ಕೈಯಲ್ಲಿ ಹಸಿರು ಬಟ್ಟೆ.

"ಬಸಪ್ಪಣ್ಣ, ಇದನ್ನ ಆ ಕಡೆ ತಿರುಗಸಾಕ ಬರ್ತೈತೇನು? ಕೈಲೇ?"

"ಮೂವತ್ತು ವರ್ಷ ಕೈಲೇ ಕೊರದೀನಿ ತಂಗಿ. ಈಗ ಸ್ಟೇರಿಂಗ್ ಇದ್ದಲ್ಲಿ ಕಂಪನಿ ಹೆಸರಿನ ತಗಡು ಬಡದಾರ. ನನಗ ಈ ಅರಿವಿ ಕೊಟ್ಟಾರ. ಹೊಂಟ್ರ ಬೀಸು, ನಿಂತ್ರ ಬೀಸು." ನನ್ನ ಮುಖ ನೋಡಿ ದನಿ ತಗ್ಗಿಸಿದ. "ಯಾಕವಾ? ತಪ್ಪು ಕಡೆ ಹೊಂಟೈತೇನು?"

"ಹೌದು."

"ಮತ್ತ ಅವರಿಗೆ ಹೇಳಬಾರದೇನು?"

"ಹೇಳಿದೆ."

ಅವನು ಬಟ್ಟೆಯನ್ನು ನೆಲಕ್ಕೆ ಎಸೆದು ಉಗುಳಿದ. ರಿಗ್ ಅದರ ಪಾಡಿಗೆ ಆಗ್ನೇಯದ ಕಡೆ ಉರುಳತೊಡಗಿತು.

ಗೇಟಿನ ಆಚೆ ಕಾಲೋನಿಯ ಹೆಂಗಸರು ಸೇರಿದ್ದರು. ಅವ್ವ ಕಂಬಿ ಹಿಡಿದು ನಿಂತಿದ್ದಳು. "ಅಮರಾ, ಯಾ ಕಡೆ ಅದಾಳ? ಯಾ ಕಡೆ ನೋಡಲಿ?" ಎಂದು ಕೂಗಿದಳು. ನಾನು ನೈರುತ್ಯದ ಜಾಲಿ ಗಿಡಗಳ ಕಡೆ ಕೈ ತೋರಿಸಿದೆ. ಅವ್ವ ಉರುಳುವ ರಿಗ್ಗನ್ನು ನೋಡಿದಳು, ನನ್ನ ಕೈಯನ್ನು ನೋಡಿದಳು. "ಮತ್ತ ಅದು ಆ ಕಡೆ ಯಾಕ ಹೊಂಟೈತಿ?"

ಓದು ಬಾರದ ನನ್ನ ಅವ್ವನಿಗೆ ಒಂದು ಕ್ಷಣದಲ್ಲಿ ಬಂದ ಪ್ರಶ್ನೆ ಅದು. ಆಫೀಸಿಗೆ ತಿರುಗಿ ಹೋಗುವಾಗ ಸಿಟ್ಟಿನಿಂದ ನನ್ನ ಕಣ್ಣು ಮಂಜಾಗಿತ್ತು. ಆದರೆ ತಲೆ ಮಾತ್ರ ತಣ್ಣಗೆ ಕೆಲಸ ಮಾಡುತ್ತಿತ್ತು.

ಅಳತೆ ಪುಸ್ತಕಕ್ಕೆ ಒಂದು ಕಟ್ಟಳೆ ಇದೆ. ರಬ್ಬರು ಮುಟ್ಟಿಸಬಾರದು, ಪುಟ ಹರಿಯಬಾರದು. ತಪ್ಪು ಕಂಡರೆ ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದು ಬರೆದು, ಸಹಿ ಹಾಕಿ, ತಾರೀಕು ಹಾಕಬೇಕು. ದಿಕ್ಸಾರಥಿ ಮನುಷ್ಯರಿಂದ ಒಪ್ಪಿಕೊಳ್ಳುತ್ತಿದ್ದ ಒಂದೇ ಒಂದು ವಿಷಯ ಅದು: ಮೂಲ ಪುಸ್ತಕದಲ್ಲಿ ಲೈಸೆನ್ಸ್ ಇರುವ ಸರ್ವೆಯರ್ ಸಹಿ ಮಾಡಿದ ತಿದ್ದುಪಡಿ. ಅದಕ್ಕೆ ರಿವ್ಯೂ ಇಲ್ಲ. ಸರ್ವೆಯರ್ ಸುಳ್ಳು ಬರೆಯುವುದಿಲ್ಲ ಎಂಬ ನಂಬಿಕೆಯ ಮೇಲೆ ಇಡೀ ಕಸುಬು ನಿಂತಿದೆ.

ಆದರೆ ಪುಟದಲ್ಲಿ ಇದ್ದದ್ದೇ ಸರಿಯಾಗಿತ್ತು. ತಿದ್ದಲು ಏನಿತ್ತು? ಪಶ್ಚಿಮ ಎಂದು ಮತ್ತೆ ಎಷ್ಟು ಸಲ ಬರೆದರೂ ಅದು ಪೂರ್ವ ಮಾಡಿಯೇ ಓದುತ್ತದೆ. ಅದರ ಬಾಯಿಂದ ಪಶ್ಚಿಮ ಬರಬೇಕಾದರೆ ನಾನು ಪೂರ್ವ ಬರೆಯಬೇಕು.

ಹನ್ನೆರಡು ವರ್ಷದಲ್ಲಿ ನಾನು ಒಂದು ಅಂಕೆಯನ್ನೂ ನೋಡದೆ ಬರೆದವಳಲ್ಲ. ಮನೆಗೆ ಹೋದ ಮೇಲೆ ಏಳೋ ಒಂದೋ ಎಂದು ಅನುಮಾನ ಬಂದು, ಊಟ ಬಿಟ್ಟು ಆಫೀಸಿಗೆ ಬಂದು ಪುಟ ತೆರೆದು ನೋಡಿದವಳು. ಅರುಳಪ್ಪನ ಅಕ್ಷರ ಒಂದೇ ಎತ್ತರ, ಒಂದೇ ಓರೆ. ತೊಂಬತ್ತು ವರ್ಷಕ್ಕೂ ಹೆಚ್ಚು ಕಾಲ ಅವನ ಮೇಲೆ ಯಾರೂ ಗೆರೆ ಎಳೆದಿರಲಿಲ್ಲ.

ಪಶ್ಚಿಮದ ಮೇಲೆ ಗೆರೆ ಎಳೆದೆ. ಮೇಲೆ 'ಪೂರ್ವ' ಎಂದು ಬರೆದೆ. ಸಹಿ ಹಾಕಿದೆ. ತಾರೀಕು ಹಾಕಿದೆ. ಪುಟವನ್ನು ಯಂತ್ರದ ಕಣ್ಣಿಗೆ ಹಿಡಿದೆ.

ಕುರುಡು ದಾರಿ ಎಲ್ಲಿಯೂ ಸುತ್ತಿ ಬಂದು ಸೇರುವುದಿಲ್ಲವಾದ್ದರಿಂದ ಅದಕ್ಕೆ ತಾಳೆ ನೋಡಲು ಏನೂ ಇರಲಿಲ್ಲ. ನಾಲ್ಕು ಸೆಕೆಂಡಿನಲ್ಲಿ ನನ್ನ ಪೂರ್ವವನ್ನು ಅದು ಪಶ್ಚಿಮ ಮಾಡಿತು. ನೂರೆಂಬತ್ತಕ್ಕೆ ನಲವತ್ತು ಕೂಡಿತು. ಮೊಳೆ 9, ದಿಗಂಶ 220. ಹಸಿರು.

ಕಿಟಕಿಯಿಂದ ನೋಡಿದೆ. ರಿಗ್ ನಿಂತಿತು. ನಿಂತಲ್ಲೇ ತಿರುಗಿತು. ದೊಡ್ಡಬಸಪ್ಪ ನೆಲದ ಮೇಲಿನ ಬಟ್ಟೆಯನ್ನು ಎತ್ತಿಕೊಂಡು ಹುಚ್ಚನಂತೆ ಬೀಸತೊಡಗಿದ.

ಕಟ್ಟಿ ಸರ್ ಬಾಗಿಲಲ್ಲಿ ನಿಂತು ಪರದೆಯನ್ನು ನೋಡಿದರು, ಮೇಜಿನ ಮೇಲೆ ತೆರೆದಿದ್ದ ಪುಸ್ತಕವನ್ನು ನೋಡಿದರು. ಏನನ್ನೂ ಕೇಳಲಿಲ್ಲ. ಕೇಳದೆ ಇರುವುದರಲ್ಲಿ ಅವರಿಗೆ ಇಪ್ಪತ್ತು ವರ್ಷಗಳ ಅಭ್ಯಾಸ ಇತ್ತು.

ಐದೂ ಕಾಲಿಗೆ ರಿಗ್ಗಿನ ಬಾಯಿ ಟೊಳ್ಳಿಗೆ ಇಳಿಯಿತು. ಮೊದಲು ಸಾಬಮ್ಮ ಬಂದಳು, ಆಮೇಲೆ ಯಮನೂರಪ್ಪ. ಕೊನೆಗೆ ಕೆಸರಿನ ಮುದ್ದೆಯಂಥ ನನ್ನ ತಂಗಿ. ಅವ್ವ ಅವಳ ಮುಖವನ್ನು ಸೆರಗಿನಿಂದ ಒರೆಸಿ, ಇವಳೇ ಹೌದೋ ಎಂದು ನೋಡಿ, ಕೆನ್ನೆಗೆ ಒಂದು ಏಟು ಕೊಟ್ಟು, ಅಪ್ಪಿಕೊಂಡಳು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಕೆಲವರು ರಿಗ್ಗಿಗೆ ಕೈಮುಗಿದರು.

*

ಮರುದಿನದಿಂದ ಊರೆಲ್ಲ ಒಂದೇ ಸುದ್ದಿ: ದಿಕ್ಸಾರಥಿ ಮೂವರ ಪ್ರಾಣ ಉಳಿಸಿತು. ಗಣಿಯ ಗೇಟಿಗೆ ಫಲಕ ಹಾಕಿದರು. ಶನಿವಾರ ಕೇಂದ್ರದ ರಿವ್ಯೂ ಬಂತು: 'ದಿಗಂಶ 220ರಲ್ಲಿಯೇ ಮೊಳೆ ದೊರೆತಿದೆ. ಪರಿವರ್ತನೆ ನಿಖರ. ಪ್ರಕರಣ ಮುಕ್ತಾಯ.' ಅದರ ಬೆನ್ನಿಗೇ ಕಟ್ಟಿ ಸರ್ ಕಾಗದ: ಸೋಮವಾರದಿಂದ ಕೆಲಸ ಶುರು. ಹುಲಿಗೆಮ್ಮನಿಗೆ ಎರಡನೇ ಪಾಳಿ, ಶಾಫ್ಟಿನ ಉತ್ತರದ ಹೊಸ ಸುರಂಗ.

ಆ ಸುರಂಗದ ಪಕ್ಕದಲ್ಲೇ ಪುಸ್ತಕದ ನಲವತ್ತನಾಲ್ಕನೇ ಪುಟದ ಹಳೆಯ ದಾರಿ ಇತ್ತು. ಪರದೆಯ ಮೇಲೆ ಅದು ಇನ್ನೊಂದು ಮಗ್ಗುಲಿಗಿತ್ತು. ನಾನು ಸುಳ್ಳು ಬರೆದು ಸರಿಮಾಡಿದ್ದು ಒಂದೇ ಸಾಲು. ಎಂಟುನೂರಕ್ಕೂ ಹೆಚ್ಚು ಸಾಲುಗಳು ಕನ್ನಡಿಯೊಳಗೇ ಉಳಿದಿದ್ದವು.

ಭಾನುವಾರ ಮಧ್ಯಾಹ್ನ ಹುಲಿಗೆಮ್ಮ ಕೆಮ್ಮುತ್ತ ಬಾಗಿಲ ಬಳಿ ಕೂತು ಬೂಟು ತೊಳೆಯುತ್ತಿದ್ದಳು. ನಾನು ಎಲ್ಲ ಹೇಳಿದೆ. ಅವಳು ಬ್ರಷ್ ಕೆಳಗಿಟ್ಟಳು.

"ಅಂದ್ರ ಅದು ನನ್ನ ಉಳಸ್ಲಿಲ್ಲ."

"ಇಲ್ಲ."

"ನೀ ಸುಳ್ಳು ಬರದಿ, ಅದು ಆ ಸುಳ್ಳು ತಿರುವಿ ಹಾಕಿತು, ನಾ ಮ್ಯಾಲ ಬಂದೆ." ನಕ್ಕಳು, ನಗು ಕೆಮ್ಮಾಯಿತು. "ನಮ್ಮಕ್ಕ ಸುಳ್ಳು ಬರದಾಳ! ಯವ್ವಾ, ಕೇಳಿದಿಯೇನು? ಸಂತ್ಯಾಗ ಕಾಯಿಪಲ್ಲೆದಾಕಿ ಎಂಟಾಣೆ ಹೆಚ್ಚು ಕೊಟ್ರ ತಿರುಗಿ ಕೊಟ್ಟು ಬರಾಕಿ."

"ನಾಳೆ ನೀ ಇಳೀಬ್ಯಾಡ ಹುಲಿಗಿ."

"ನಾ ಇಳೀಲಿಲ್ಲಂದ್ರ ಸಾಬಮ್ಮನ ಇಳಸ್ತಾರ. ಆಕಿ ಬ್ಯಾಡಂದ್ರ ಮತ್ತೊಬ್ಬಾಕಿ." ನಗು ನಿಂತಿತ್ತು. ನನ್ನನ್ನು ನೇರವಾಗಿ ನೋಡಿದಳು. "ನಾ ನಿನ್ನ ತಂಗಿ ಅಂತ ನೀ ಸುಳ್ಳು ಬರದಿ. ಆಕಿಗೆ ಯಾರು ಬರೀತಾರ, ಅಕ್ಕ?"

ಆ ಮಾತಿಗೆ ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಮೂರು ಪತ್ರಗಳನ್ನು ಅಷ್ಟು ಸೌಜನ್ಯದಿಂದ ಬರೆದಿದ್ದ ನನ್ನ ಮೇಲೆ.

*

ಸೋಮವಾರ ಹನ್ನೊಂದಕ್ಕೆ ವಿಚಾರಣೆ. ಸರ್ಕಾರದ ಗಣಿ ಇಲಾಖೆಯಿಂದ ಬಂದ ಇನಾಂದಾರ್ ಎಂಬ ವಿಚಾರಣಾಧಿಕಾರಿ, ಅವರ ಬರವಣಿಗೆಯವನು, ಕಟ್ಟಿ ಸರ್, ಪರದೆಯ ಮೇಲೆ ಸುಹಾಸ್. ಮೇಜಿನ ಮೇಲೆ ಬಿಸ್ಕತ್ತು. ಹೇಳಿಕೆಯನ್ನು ಮೊದಲೇ ಟೈಪ್ ಮಾಡಿಟ್ಟಿದ್ದರು. ನಾನು ಸಹಿ ಹಾಕುವುದಷ್ಟೇ ಬಾಕಿ. 'ಸರ್ವೆಯರ್ ಅಮರಮ್ಮ ಅವರು ಮೂಲ ಪುಸ್ತಕದಲ್ಲಿದ್ದ ದೋಷವನ್ನು ಸಕಾಲದಲ್ಲಿ ತಿದ್ದಿದ್ದರಿಂದ ದಿಕ್ಸಾರಥಿ ನಿಖರ ದಿಗಂಶವನ್ನು ನೀಡಿತು.'

ಓದಿದೆ. ಇನ್ನೊಮ್ಮೆ ಓದಿದೆ. ತಪ್ಪು ಅರುಳಪ್ಪನದು, ನಿಖರತೆ ಯಂತ್ರದ್ದು. ನನಗೆ ಒಂದು ಮೆಚ್ಚುಗೆ ಪತ್ರ.

"ಕಂಪನಿಯವರು ನಿಮ್ಮನ್ನ ಸನ್ಮಾನ ಮಾಡ್ತಾರಂತ," ಎಂದು ಇನಾಂದಾರ್ ನಕ್ಕರು. "ಸಹಿ ಮಾಡ್ರಿ ತಾಯಿ."

"ಪುಸ್ತಕದಾಗ ದೋಷ ಇರಲಿಲ್ರಿ," ಎಂದೆ. "ಅರುಳಪ್ಪ ಪಶ್ಚಿಮ ಅಂತ ಸರಿಯಾಗೇ ಬರದಿದ್ದ. ಅದನ್ನ ನಾನು ಪೂರ್ವ ಮಾಡಿದೆ. ತಪ್ಪು ಅಂತ ಗೊತ್ತಿದ್ದೇ ಮಾಡಿದೆ."

ಬರವಣಿಗೆಯವನ ಬೆರಳು ನಿಂತಿತು. ಪರದೆಯ ಮೇಲೆ ಸುಹಾಸ್ ಮುಂದಕ್ಕೆ ಬಾಗಿದ. ಕಟ್ಟಿ ಸರ್ ನನ್ನ ತೋಳು ಮುಟ್ಟಿದರು. "ಅಮರಮ್ಮ, ಬ್ಯಾಡ. ಎಲ್ಲಾ ಚೊಲೋ ಆಗೈತಿ. ಯಾಕ ಸುಮ್ಮನ?"

"ಏನು ಹೇಳ್ತಿದ್ದೀರಿ ಅಂತ ಗೊತ್ತೇನ್ರಿ ನಿಮಗ?" ಇನಾಂದಾರ್ ದನಿ ಬದಲಾಗಿತ್ತು. "ಅಳತೆ ಪುಸ್ತಕದಾಗ ಬೇಕಂತ ಸುಳ್ಳು ಬರದ್ರ ಲೈಸೆನ್ಸ್ ಹೋಗ್ತದ. ಎರಡು ವರ್ಷದ ತನಕ ಶಿಕ್ಷೆ ಅದ."

"ಗೊತ್ರಿ. ನಾ ಪಾಸು ಮಾಡಿದ ಪರೀಕ್ಷೆದಾಗ ಆ ನಿಯಮ ಬಂದಿತ್ತು. ಬರಕೊಳ್ರಿ." ಬರವಣಿಗೆಯವನ ಕಡೆ ತಿರುಗಿದೆ. "ನಾ ನಿಧಾನಕ್ಕ ಹೇಳ್ತೀನಿ."

ಹೇಳಿದೆ. ಯಾವ ಪುಟ, ಯಾವ ಸಾಲು, ಎಷ್ಟು ಗಂಟೆಗೆ, ಏಕೆ. ಪೂರ್ವ ಎಂದು ನಾನು ಬರೆದದ್ದು ಯಂತ್ರದೊಳಗೆ ಪಶ್ಚಿಮವಾಗಿ ಹೊರಬಂದಿದೆ. ಸರಿಯಿರುವ ಯಂತ್ರದಲ್ಲಿ ದಕ್ಷಿಣ 40 ಪೂರ್ವ ಎಂದಿಗೂ ಇನ್ನೂರ ಇಪ್ಪತ್ತು ಆಗುವುದಿಲ್ಲ, ನೂರ ನಲವತ್ತೇ ಆಗಬೇಕು. ಅನುಮಾನ ಇದ್ದರೆ ಇಲ್ಲಿಯೇ ಕೂಡಿ ಕಳೆಯಿರಿ ಎಂದು ಪುಸ್ತಕವನ್ನು ಅವರ ಮುಂದೆ ತಳ್ಳಿದೆ. ಇನಾಂದಾರ್ ನಿಜವಾಗಿಯೂ ಪೆನ್ನು ತೆಗೆದು ಹೇಳಿಕೆಯ ಅಂಚಿನಲ್ಲಿ ಕಳೆದು ನೋಡಿದರು. ಪರದೆಯ ಕಡೆ ನೋಡಿದರು.

"ಅದು... ವ್ಯವಸ್ಥೆಯಲ್ಲೇ ಇದೆ," ಎಂದ ಸುಹಾಸ್. ಆಮೇಲೆ ಮೆಲ್ಲಗೆ, "ರಿವ್ಯೂಗೆ ಹಾಕ್ತೀನಿ."

"ಅದು ನಿಮ್ಮ ಯಂತ್ರದ ತಪ್ಪಿಗೆ," ಎಂದೆ. "ಅದಕ್ಕ ಎಪ್ಪತ್ತೆರಡು ತಾಸು ತಗೊಳ್ರಿ, ಎಪ್ಪತ್ತೆರಡು ದಿನ ತಗೊಳ್ರಿ. ನಾ ಹೇಳಾಕತ್ತಿದ್ದು ನನ್ನ ಸುಳ್ಳಿನ ಮಾತು. ಇನಾಂದಾರ್ ಸಾಹೇಬ್ರ, ಹದಿನೇಳನೇ ನಿಯಮ ತಗೀರಿ."

ಅವರ ಬಳಿ ನಿಯಮಗಳ ಪುಸ್ತಕ ಇತ್ತು. ಪುಟ ಹುಡುಕಿ, ಬಾಯಲ್ಲೇ ಗೊಣಗಿಕೊಂಡು ಓದಿದರು. ನನಗೆ ಅದು ಬಾಯಿಪಾಠ. ಸರ್ವೆಯರ್ ತಾನು ಸುಳ್ಳು ದಾಖಲಿಸಿದ್ದಾಗಿ ಒಪ್ಪಿಕೊಂಡಲ್ಲಿ, ಆ ಪುಸ್ತಕವನ್ನು ಆಧರಿಸಿದ ಸಮಸ್ತ ನಕ್ಷೆಗಳೂ ಆ ಕ್ಷಣದಿಂದ ಅಮಾನ್ಯ. ಹೊಸದಾಗಿ ಅಳತೆಯಾಗುವವರೆಗೆ ಆ ನಕ್ಷೆಗಳ ಮೇಲೆ ಯಾರನ್ನೂ ಕೆಳಗೆ ಇಳಿಸತಕ್ಕದ್ದಲ್ಲ. ಯಂತ್ರದ ತಪ್ಪಿಗೆ ಗಣಿ ನಿಲ್ಲುವುದಿಲ್ಲ. ಮನುಷ್ಯರ ಸುಳ್ಳಿಗೆ ನಿಲ್ಲುತ್ತದೆ.

ಇನಾಂದಾರ್ ಪುಸ್ತಕ ಮುಚ್ಚಿದರು. "ಇದನ್ನ ಓದಿಕೊಂಡೇ ಬಂದಿರಿ," ಎಂದರು.

"ಹೌದ್ರಿ."

ಟೈಪ್ ಆದ ಹೊಸ ಹೇಳಿಕೆ ಬಂತು. ಎಂಟು ಸಾಲು. 'ತಿದ್ದುಪಡಿ' ಎಂದು ಇದ್ದಲ್ಲಿ ಒಂದು ಗೆರೆ ಎಳೆದು ಮೇಲೆ 'ಸುಳ್ಳು' ಎಂದು ಬರೆದೆ. ಸಹಿ ಹಾಕಿದೆ. ಗಡಿಯಾರ ಒಂದು ನಲವತ್ತು ತೋರಿಸುತ್ತಿತ್ತು. ಎರಡನೇ ಪಾಳಿ ಇಳಿಯುವುದು ಎರಡಕ್ಕೆ.

ಇನಾಂದಾರ್ ಕಟ್ಟಿ ಸರ್ ಕಡೆ ತಲೆಯಾಡಿಸಿದರು. ಕಟ್ಟಿ ಸರ್ ಫೋನ್ ಎತ್ತಿದರು. "ಕೇಜ್ ನಿಲ್ಲಸ್ರಿ," ಎಂದರು. "ಯಾರನ್ನೂ ಇಳಸಬ್ಯಾಡ್ರಿ. ಹೌದು, ಎಲ್ಲಾರನ್ನೂ. ಇಳದವರನ್ನೂ ಮ್ಯಾಲ ಕರಸ್ರಿ."

ಆ ಕಡೆಯವರು ಏನೋ ಕೇಳಿದರು. ಕಟ್ಟಿ ಸರ್ ಫೋನನ್ನು ಅಂಗೈಯಿಂದ ಮುಚ್ಚಿ ನನ್ನ ಕಡೆ ತಿರುಗಿದರು. ಆ ಬುಧವಾರದ ನಂತರ ಮೊದಲ ಸಲ ನನ್ನ ಮುಖ ನೋಡಿದರು.

"ಯಾಕಂತ ಕೇಳಾಕತ್ಯಾರ. ಏನು ಹೇಳ್ಲಿ?"

"ಸರ್ವೆಯರ್ ಸುಳ್ಳು ಬರದಾಳ ಅಂತ ಹೇಳ್ರಿ," ಎಂದೆ. "ಹೆಸರೂ ಹೇಳ್ರಿ."